ಹೆಸರು ಹಿಂದಕ್ಕೆ ಪಡೆದ ನಿರ್ದೇಶಕ: ಗುರುದತ್ ಮತ್ತು 1959ರ ಸೋಲು

1951ರಿಂದ 1959ರವರೆಗಿನ ಒಂಬತ್ತು ವರ್ಷಗಳಲ್ಲಿ ಗುರುದತ್ ಎಂಟು ಹಿಂದಿ ಚಿತ್ರಗಳನ್ನು ನಿರ್ದೇಶಿಸಿದರು. ಮೊದಲನೆಯದು ತೆರೆಕಂಡಾಗ ಅವರಿಗೆ ಸುಮಾರು ಇಪ್ಪತ್ತಾರು ವರ್ಷ, ಕೊನೆಯದು ತೆರೆಕಂಡಾಗ ಮೂವತ್ತನಾಲ್ಕು ದಾಟಿರಲಿಲ್ಲ. ಆ ಕೊನೆಯ ಚಿತ್ರ ‘ಕಾಗಜ್ ಕೇ ಫೂಲ್’ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಅದರ ನಂತರ ಅವರು ಐದು ವರ್ಷ ಬದುಕಿದರು, ಎರಡು ದೊಡ್ಡ ಚಿತ್ರಗಳನ್ನು ನಿರ್ಮಿಸಿದರು, ಅನೇಕ ಚಿತ್ರಗಳಲ್ಲಿ ನಟಿಸಿದರು. ಆದರೆ ಅವುಗಳಲ್ಲಿ ಒಂದರ ಶೀರ್ಷಿಕೆ ಪಟ್ಟಿಯಲ್ಲಿಯೂ ‘ನಿರ್ದೇಶನ’ ಎಂಬ ಪದದ ಕೆಳಗೆ ಅವರ ಹೆಸರು ಬರಲಿಲ್ಲ.

ಈ ಅಧ್ಯಯನ ಪರಿಶೀಲಿಸುವುದು ಇದೊಂದೇ ಸಂಗತಿಯನ್ನು. ಗುರುದತ್ ಅವರ ಬಗ್ಗೆ ಬರೆಯುವವರು ಈ ಸೋಲಿಗೆ ಸಾಮಾನ್ಯವಾಗಿ ಎರಡು ಸಿದ್ಧ ವಿವರಣೆಗಳನ್ನು ಕೊಡುತ್ತಾರೆ. ಚಿತ್ರವು ತನ್ನ ಕಾಲಕ್ಕಿಂತ ಮುಂದಿತ್ತು, ಆದ್ದರಿಂದ ಜನರಿಗೆ ಅರ್ಥವಾಗಲಿಲ್ಲ ಎಂಬುದು ಒಂದು. ಆ ಸೋಲಿನಿಂದ ಮನಸ್ಸು ಮುರಿದು ನಿರ್ದೇಶಕ ತೀರಿಕೊಂಡ, ಹಾಗಾಗಿ ಚಿತ್ರವೇ ಅವನ ಮರಣಶಾಸನವಾಯಿತು ಎಂಬುದು ಇನ್ನೊಂದು. ಇವೆರಡನ್ನೂ ನಾನು ಒಪ್ಪುವುದಿಲ್ಲ. ಸೋಲಿಗೆ ಕೈಯಿಂದ ಮುಟ್ಟಿ ತೋರಿಸಬಹುದಾದ ಕಾರಣಗಳಿದ್ದವು, ಮತ್ತು ಸೋಲಿನ ನಂತರದ ಐದು ವರ್ಷಗಳು ಖಾಲಿ ವರ್ಷಗಳಾಗಿರಲಿಲ್ಲ. ಅವರು ಹಿಂದಕ್ಕೆ ಪಡೆದದ್ದು ತಮ್ಮ ಹೆಸರನ್ನು ಮಾತ್ರ, ಕಸುಬನ್ನಲ್ಲ.

ಹಿನ್ನೆಲೆ

ಗುರುದತ್ ಹುಟ್ಟಿದ್ದು 1925ರ ಜುಲೈ 9ರಂದು, ಬೆಂಗಳೂರಿನಲ್ಲಿ, ಕೊಂಕಣಿ ಮಾತನಾಡುವ ಚಿತ್ರಾಪುರ ಸಾರಸ್ವತ ಮನೆತನದಲ್ಲಿ. ಮೊದಲು ಇಟ್ಟ ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ಬಾಲ್ಯದಲ್ಲಿ ಒಂದು ಅಪಘಾತವಾದ ಮೇಲೆ ಆ ಹೆಸರು ಶುಭವಲ್ಲವೆಂದು ಬದಲಾಯಿಸಿ ಗುರುದತ್ತ ಎಂದು ಕರೆದರು. ತಾಯಿ ವಾಸಂತಿ ಪಡುಕೋಣೆಯವರು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಕಥೆ ಬರೆಯುತ್ತಿದ್ದರು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದರು. ಮಗನ ನಿಧನದ ನಂತರ ಅವನ ಬಗ್ಗೆ ಒಂದು ಪುಸ್ತಕವನ್ನೂ ಕನ್ನಡದಲ್ಲಿಯೇ ಬರೆದರು. ಬೆಂಗಳೂರಿನಲ್ಲಿ ಹುಟ್ಟಿದರು ಎಂಬ ಒಂದೇ ಕಾರಣಕ್ಕೆ ಅವರನ್ನು ನಮ್ಮವರೆಂದು ಹೇಳಿಕೊಳ್ಳುವುದು ಸುಲಭವಾದರೂ, ಅವರ ಮನಸ್ಸು ರೂಪುಗೊಂಡದ್ದು ಕಲ್ಕತ್ತೆಯ ಭವಾನಿಪುರದಲ್ಲಿ. ಅವರ ಬಂಗಾಳಿ ಎಷ್ಟು ಸಹಜವಾಗಿತ್ತೆಂದರೆ, ಅವರು ಬಂಗಾಳಿಗಳೇ ಎಂದು ನಂಬಿದವರು ಇಂದಿಗೂ ಇದ್ದಾರೆ. ಸಿನಿಮಾ ಭಿತ್ತಿಚಿತ್ರಗಳನ್ನು ಬರೆಯುತ್ತಿದ್ದ ಬಿ. ಬಿ. ಬೆನಗಲ್ ಎಂಬ ಬಂಧುವಿನ ಸಹವಾಸ ಅವರಿಗೆ ದೊರೆತದ್ದೂ ಕಲ್ಕತ್ತೆಯಲ್ಲಿಯೇ. ಮುಂದೆ ನಿರ್ದೇಶಕರಾಗಿ ಹೆಸರು ಮಾಡಿದ ಶ್ಯಾಮ್ ಬೆನಗಲ್ ಕೂಡ ಸಂಬಂಧದಲ್ಲಿ ಅವರಿಗೆ ಸೋದರರೇ.

1940ರ ದಶಕದ ಆರಂಭದಲ್ಲಿ ಅವರು ಅಲ್ಮೋರಾದಲ್ಲಿ ಉದಯಶಂಕರ್ ನಡೆಸುತ್ತಿದ್ದ ಸಂಸ್ಕೃತಿ ಕೇಂದ್ರವನ್ನು ಸೇರಿ ನೃತ್ಯ ಕಲಿತರು. ಆ ಕೇಂದ್ರ 1944ರಲ್ಲಿ ಮುಚ್ಚಿತು. ಅವರು ಸ್ವಲ್ಪ ಕಾಲ ಕಲ್ಕತ್ತೆಯ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಅದು ಹಿಡಿಸದೆ, ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷದ ಕರಾರಿನ ಮೇಲೆ ಕೆಲಸಕ್ಕೆ ಸೇರಿದರು. ಅಲ್ಲಿ ನೃತ್ಯ ಸಂಯೋಜನೆ, ಸಣ್ಣಪುಟ್ಟ ನಟನೆ, ಸಹಾಯಕ ನಿರ್ದೇಶನ ಹೀಗೆ ಕೈಗೆ ಬಂದ ಕೆಲಸವನ್ನೆಲ್ಲ ಮಾಡಿದರು. ಅಗಸ ಇಬ್ಬರ ಅಂಗಿಗಳನ್ನು ಅದಲುಬದಲು ಮಾಡಿದ್ದರಿಂದ ದೇವ್ ಆನಂದ್ ಅವರೊಡನೆ ಸ್ನೇಹವಾಯಿತೆಂಬ ಕಥೆ ಪ್ರಸಿದ್ಧವಾದದ್ದು. ಆ ಸ್ನೇಹದ ಒಪ್ಪಂದವೂ ಅಷ್ಟೇ ಪ್ರಸಿದ್ಧ: ದೇವ್ ನಿರ್ಮಾಪಕನಾದರೆ ನಿರ್ದೇಶನ ಗುರುದತ್ತನದು, ಗುರುದತ್ ಚಿತ್ರ ತೆಗೆದರೆ ನಾಯಕ ದೇವ್. ದೇವ್ ಆನಂದ್ ಮಾತಿಗೆ ತಪ್ಪಲಿಲ್ಲ. ಅವರ ನವಕೇತನ್ ಸಂಸ್ಥೆಯ ‘ಬಾಜಿ’ 1951ರಲ್ಲಿ ತೆರೆಗೆ ಬಂದು ಗೆದ್ದಿತು.

ಮುಂದಿನ ಕೆಲವು ವರ್ಷಗಳ ಕಥೆಯನ್ನು ಬೇಗ ಮುಗಿಸಬಹುದು. 1952ರಲ್ಲಿ ‘ಜಾಲ್’ ಬಂದಿತು. 1953ರ ‘ಬಾಜ್’ ಚಿತ್ರದಲ್ಲಿ ಅವರೇ ನಾಯಕನಾದರು, ಅದು ಓಡಲಿಲ್ಲ. ಅದೇ ವರ್ಷ ಗಾಯಕಿ ಗೀತಾ ರಾಯ್ ಅವರೊಡನೆ ಮದುವೆಯಾಯಿತು. 1954ರ ‘ಆರ್ ಪಾರ್’ ಮತ್ತು 1955ರ ‘ಮಿಸ್ಟರ್ ಅಂಡ್ ಮಿಸೆಸ್ 55’ ಅವರನ್ನು ಭದ್ರವಾಗಿ ನೆಲೆಗೊಳಿಸಿದವು. 1956ರಲ್ಲಿ ಅವರು ನಿರ್ಮಿಸಿ ಶಿಷ್ಯ ರಾಜ್ ಖೋಸ್ಲಾ ನಿರ್ದೇಶಿಸಿದ ‘ಸಿ.ಐ.ಡಿ.’ ಚೆನ್ನಾಗಿ ಹಣ ತಂದಿತು. ತೆಲುಗು ಚಿತ್ರವೊಂದರಲ್ಲಿ ನೃತ್ಯ ಮಾಡಿ ಹೆಸರಾಗಿದ್ದ ವಹೀದಾ ರೆಹಮಾನ್ ಅವರನ್ನು ಹೈದರಾಬಾದಿನಲ್ಲಿ ಗುರುತಿಸಿ ಹಿಂದಿಗೆ ಕರೆತಂದದ್ದು ಈ ಚಿತ್ರಕ್ಕಾಗಿಯೇ.

ಇಲ್ಲಿ ಗಮನಿಸಬೇಕಾದದ್ದು ಅವರ ಬಳಗ. ಬರವಣಿಗೆಗೆ ಅಬ್ರಾರ್ ಅಲ್ವಿ, ಛಾಯಾಗ್ರಹಣಕ್ಕೆ ಮೈಸೂರಿನ ವಿ. ಕೆ. ಮೂರ್ತಿ, ಹಾಸ್ಯಕ್ಕೆ ಜಾನಿ ವಾಕರ್, ಸಂಗೀತಕ್ಕೆ ಒಮ್ಮೆ ಓ. ಪಿ. ನಯ್ಯರ್, ಒಮ್ಮೆ ಎಸ್. ಡಿ. ಬರ್ಮನ್. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಮೂರ್ತಿಯವರು ‘ಬಾಜಿ’ಯಲ್ಲಿ ಸಹಾಯಕರಾಗಿದ್ದರು. ಹಾಡೊಂದರಲ್ಲಿ ಬರುವ ಕಷ್ಟದ ಚಲಿಸುವ ಶಾಟನ್ನು ತೆಗೆದು ತೋರಿಸಿದ ಮೇಲೆ, ಇನ್ನು ಮುಂದೆ ನನ್ನ ಚಿತ್ರಗಳಿಗೆ ನೀವೇ ಎಂದು ಗುರುದತ್ ಅವರನ್ನು ಉಳಿಸಿಕೊಂಡರು. ಕರ್ನಾಟಕಕ್ಕೂ ಗುರುದತ್ ಅವರಿಗೂ ನಿಜವಾದ ನಂಟಿದ್ದರೆ ಅದನ್ನು ಹುಟ್ಟೂರಿಗಿಂತ ಹೆಚ್ಚಾಗಿ ಈ ಕೆಲಸದ ನಂಟಿನಲ್ಲಿ ಕಾಣಬೇಕು.

1957ರ ‘ಪ್ಯಾಸಾ’ ಈ ಬಳಗದ ಶಿಖರ. ಪ್ರಕಾಶಕರು ತಿರಸ್ಕರಿಸಿದ, ಮನೆಯವರು ಹೊರಹಾಕಿದ, ಸತ್ತನೆಂಬ ಸುದ್ದಿ ಹಬ್ಬಿದ ಮೇಲೆ ಮಾತ್ರ ಲೋಕ ಹೊಗಳಿದ ಕವಿಯೊಬ್ಬನ ಕಥೆ ಅದು. ನಾಯಕನ ಪಾತ್ರಕ್ಕೆ ದಿಲೀಪ್ ಕುಮಾರ್ ಅವರನ್ನು ಗೊತ್ತುಮಾಡಿದ್ದರು. ಚಿತ್ರೀಕರಣದ ದಿನ ಅವರು ಬರಲಿಲ್ಲವಾದ್ದರಿಂದ ಗುರುದತ್ ತಾವೇ ಬಣ್ಣ ಹಚ್ಚಿದರು. ಚಿತ್ರ ಅಂದೇ ಗೆದ್ದಿತು. ಈ ಪ್ರಕರಣಕ್ಕೆ ಇದು ಮುಖ್ಯವಾದ ಸಾಕ್ಷ್ಯ. ದುಃಖಾಂತದ ಛಾಯೆಯುಳ್ಳ, ಸಮಾಜವನ್ನು ನೇರವಾಗಿ ಪ್ರಶ್ನಿಸುವ, ಕವಿತೆಯನ್ನೇ ನೆಚ್ಚಿಕೊಂಡ ಚಿತ್ರವನ್ನು 1957ರ ಪ್ರೇಕ್ಷಕರು ಎದೆಗಪ್ಪಿಕೊಂಡಿದ್ದರು. ಎರಡೇ ವರ್ಷಗಳಲ್ಲಿ ಅದೇ ಪ್ರೇಕ್ಷಕರು ದಡ್ಡರಾಗಿಬಿಟ್ಟರು ಎಂದು ಹೇಳಲು ಯಾವ ಆಧಾರವೂ ಇಲ್ಲ.

ಚಿತ್ರ ಮತ್ತು ಅದರ ತಯಾರಿ

‘ಕಾಗಜ್ ಕೇ ಫೂಲ್’ ಚಿತ್ರದ ನಾಯಕ ಸುರೇಶ್ ಸಿನ್ಹಾ ಹೆಸರಾಂತ ಚಿತ್ರ ನಿರ್ದೇಶಕ. ಸಿನಿಮಾದವರನ್ನು ಕೀಳಾಗಿ ಕಾಣುವ ಶ್ರೀಮಂತ ಕುಟುಂಬದ ಹೆಂಡತಿ ಅವನಿಂದ ದೂರವಾಗಿದ್ದಾಳೆ; ಮಗಳು ಡೆಹ್ರಾಡೂನಿನ ವಸತಿಶಾಲೆಯಲ್ಲಿದ್ದಾಳೆ. ದಿಲ್ಲಿಯ ಒಂದು ಮಳೆಯ ರಾತ್ರಿ ಮರದ ಕೆಳಗೆ ನೆನೆಯುತ್ತಾ ನಿಂತ ಶಾಂತಿ ಎಂಬ ಹುಡುಗಿಗೆ ಅವನು ತನ್ನ ಕೋಟನ್ನು ಕೊಟ್ಟು ಹೋಗುತ್ತಾನೆ. ಅದನ್ನು ಹಿಂತಿರುಗಿಸಲು ಸ್ಟುಡಿಯೋಗೆ ಬಂದ ಅವಳು, ಗೊತ್ತಿಲ್ಲದೆ ಓಡುತ್ತಿರುವ ಕ್ಯಾಮೆರಾದ ಮುಂದೆ ನಡೆದುಬಿಡುತ್ತಾಳೆ. ಅಂದಿನ ಚಿತ್ರಣವನ್ನು ನೋಡುತ್ತಾ ಕುಳಿತ ನಿರ್ದೇಶಕನಿಗೆ, ತಾನು ತೆಗೆಯುತ್ತಿರುವ ‘ದೇವದಾಸ್’ ಚಿತ್ರದ ನಾಯಕಿ ಪಾರೋ ಪಾತ್ರಕ್ಕೆ ಹುಡುಕುತ್ತಿದ್ದವಳು ಇವಳೇ ಎಂದು ಹೊಳೆಯುತ್ತದೆ. ಶಾಂತಿ ತಾರೆಯಾಗುತ್ತಾಳೆ, ಊರಿನ ಬಾಯಿ ಮಾತನಾಡತೊಡಗುತ್ತದೆ, ಶಾಲೆಯಲ್ಲಿ ಹಾಸ್ಯಕ್ಕೆ ಗುರಿಯಾದ ಮಗಳು ಬಂದು ಶಾಂತಿಯನ್ನು ದೂರ ಹೋಗೆಂದು ಬೇಡುತ್ತಾಳೆ, ಶಾಂತಿ ಹಳ್ಳಿಯೊಂದರ ಶಾಲೆಗೆ ಪಾಠ ಹೇಳಲು ಹೋಗುತ್ತಾಳೆ. ಸುರೇಶ್ ನ್ಯಾಯಾಲಯದಲ್ಲಿ ಮಗಳನ್ನು ಕಳೆದುಕೊಳ್ಳುತ್ತಾನೆ, ಕುಡಿತಕ್ಕೆ ಬೀಳುತ್ತಾನೆ, ಚಿತ್ರಗಳು ಸೋಲುತ್ತವೆ. ಕೊನೆಗೆ ಮುದುಕನಾಗಿ ತನ್ನ ಹಳೆಯ ಸ್ಟುಡಿಯೋಗೆ ಬಂದು ನಿರ್ದೇಶಕನ ಕುರ್ಚಿಯಲ್ಲಿ ಕುಳಿತು ಪ್ರಾಣ ಬಿಡುತ್ತಾನೆ. ಬೆಳಗ್ಗೆ ಶವ ಕಂಡಾಗ ಕೇಳುವುದು ಅದನ್ನು ಬೇಗ ಸಾಗಿಸಿ ಕೆಲಸ ಶುರುಮಾಡಿ ಎಂಬ ಆಜ್ಞೆ.

ಕಥೆಗಿಂತ ದೊಡ್ಡ ಸಾಹಸವೆಂದರೆ ಅದನ್ನು ತೆಗೆದ ರೀತಿ. ಇದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸಿನಿಮಾಸ್ಕೋಪ್ ಲೆನ್ಸ್ ಅಗಲವಾದ ದೃಶ್ಯವನ್ನು ಅಕ್ಕಪಕ್ಕದಿಂದ ಅದುಮಿ ಸಾಧಾರಣ 35 ಮಿ.ಮೀ. ಫಿಲ್ಮಿನ ಮೇಲೆ ಕೂರಿಸುತ್ತದೆ. ಚಿತ್ರಮಂದಿರದ ಪ್ರೊಜೆಕ್ಟರಿಗೆ ಹಾಕಿದ ಇನ್ನೊಂದು ಲೆನ್ಸ್ ಅದನ್ನು ಮತ್ತೆ ಹಿಗ್ಗಿಸಿ ಪರದೆಯ ಮೇಲೆ ಹರಡುತ್ತದೆ. ಎತ್ತರಕ್ಕೆ ಎರಡು ಪಟ್ಟಿಗೂ ಮೀರಿದ ಅಗಲದ ಪರದೆ, ಅದಕ್ಕೆ ತಕ್ಕ ಲೆನ್ಸ್ ಇವೆರಡೂ ಇದ್ದ ಚಿತ್ರಮಂದಿರಗಳು ಅಂದು ಭಾರತದ ದೊಡ್ಡ ನಗರಗಳಲ್ಲಿಯೂ ವಿರಳವಾಗಿದ್ದವು. ಆದ್ದರಿಂದ ಆ ಸೌಲಭ್ಯವಿಲ್ಲದ ಕಡೆಗಳಿಗಾಗಿ ಸಾಧಾರಣ ಅಳತೆಯ ರೂಪವೊಂದನ್ನೂ ಸಿದ್ಧಪಡಿಸಬೇಕಾಯಿತು. ಖರ್ಚು, ಶ್ರಮ ಎರಡೂ ಬೆಳೆದವು.

ಈ ಚಿತ್ರದ ಒಂದು ದೃಶ್ಯವನ್ನು ಹತ್ತಿರದಿಂದ ನೋಡದೆ ಮುಂದೆ ಹೋಗಲಾಗದು. ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ, ಗೀತಾ ದತ್ ಹಾಡಿದ ‘ವಕ್ತ್ ನೇ ಕಿಯಾ’ ಗೀತೆಗೆ ಗುರುದತ್ ಎಂದಿನ ದೀಪಗಳಿಗಿಂತ ಬೇರೆಯಾದ ಬೆಳಕನ್ನು ಬಯಸಿದ್ದರು. ಸೂರ್ಯನ ಕಿರಣದಂಥದ್ದು ಬೇಕೆಂಬುದು ಅವರ ಆಸೆ. ಸ್ಟುಡಿಯೋದ ದೀಪಗಳಿಂದ ಹೊರಡುವ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ; ಸೂರ್ಯನ ಕಿರಣ ಹಾಗಲ್ಲ, ಸಮಾನಾಂತರವಾಗಿ ಕಂಬದಂತೆ ಇಳಿಯುತ್ತದೆ. ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನು ತರಿಸಿದರು. ಒಂದನ್ನು ಸ್ಟುಡಿಯೋದ ಹೊರಗೆ ಬಿಸಿಲಿಗೆ ಹಿಡಿಸಿದರು, ಇನ್ನೊಂದನ್ನು ಒಳಗೆ ಎತ್ತರದಲ್ಲಿ ನಿಲ್ಲಿಸಿದರು. ಹೊರಗಿನ ಬಿಸಿಲು ಮೊದಲ ಕನ್ನಡಿಯಿಂದ ಎರಡನೆಯದಕ್ಕೆ, ಅಲ್ಲಿಂದ ಕತ್ತಲು ತುಂಬಿದ ನೆಲಕ್ಕೆ ಬಿದ್ದಿತು. ಸೂರ್ಯ ಸರಿದಂತೆಲ್ಲ ಹೊರಗಿನ ಕನ್ನಡಿಯನ್ನು ತಿರುಗಿಸುತ್ತಲೇ ಇರಬೇಕು; ಕ್ಯಾಮೆರಾ ಓಡುವ ಹೊತ್ತಿನಲ್ಲಿ ಮೋಡ ಅಡ್ಡ ಬಂದರೆ ಎಲ್ಲವೂ ಮೊದಲಿನಿಂದ. ಆ ಬೆಳಕಿನ ಕಂಬದ ಆಚೆ ಈಚೆ ಇಬ್ಬರು ನಿಂತಿದ್ದಾರೆ. ಇಬ್ಬರ ತುಟಿಯೂ ಅಲುಗುವುದಿಲ್ಲ. ಹಾಡು ಎಲ್ಲಿಂದಲೋ ಕೇಳಿಬರುತ್ತದೆ; ಅವರ ದೇಹ ನಿಂತಲ್ಲೇ ಇರುವಾಗ ಅವರ ನೆರಳಿನಂಥ ರೂಪಗಳು ಎದ್ದು ನಡೆದು ಬೆಳಕಿನ ನಡುವೆ ಸೇರುತ್ತವೆ. ಆ ವರ್ಷದ ಕಪ್ಪುಬಿಳುಪು ಛಾಯಾಗ್ರಹಣದ ಫಿಲ್ಮ್‌ಫೇರ್ ಪ್ರಶಸ್ತಿ ಮೂರ್ತಿಯವರಿಗೆ ಬಂದಿತು.

ಏಕೆ ಸೋತಿತು

ಮೊದಲ ಕಾರಣ ಆ ಅಗಲದ ಪರದೆಯೇ. ಗುರುದತ್ ಅವರ ಭಾಷೆ ಮುಖದ ಭಾಷೆ. ಉದ್ದ ಲೆನ್ಸಿನಲ್ಲಿ, ಹಿನ್ನೆಲೆಯನ್ನು ಮಸುಕುಗೊಳಿಸಿ, ಕಣ್ಣಿನ ಸಣ್ಣ ಚಲನೆಯನ್ನೂ ಹಿಡಿಯುವ ಸಮೀಪ ಚಿತ್ರಣದಲ್ಲಿ ಅವರಿಗೆ ಸಾಟಿಯಿರಲಿಲ್ಲ. ‘ಪ್ಯಾಸಾ’ದಲ್ಲಿ ನಾವು ಕವಿಯೊಡನೆ ನಡೆಯುವುದು ಅವನ ಮುಖದ ಹತ್ತಿರ ಇರುವುದರಿಂದ. ಸಿನಿಮಾಸ್ಕೋಪಿನಲ್ಲಿ ಒಂದು ಮುಖದ ಎರಡೂ ಪಕ್ಕ ಖಾಲಿ ಜಾಗ ಉಳಿಯುತ್ತದೆ. ಆ ಖಾಲಿ ಜಾಗವನ್ನು ಗುರುದತ್ ಮತ್ತು ಮೂರ್ತಿ ಅದ್ಭುತವಾಗಿ ಬಳಸಿಕೊಂಡರು. ಸ್ಟುಡಿಯೋದ ಕತ್ತಲು, ಎತ್ತರದ ಅಟ್ಟಣಿಗೆ, ಖಾಲಿ ಕುರ್ಚಿ ಎಲ್ಲವೂ ಅಲ್ಲಿ ಮಾತನಾಡುತ್ತವೆ. ಆದರೆ ನಾಯಕ ದೂರವಾದ. ನೋಡುವವರು ಅವನನ್ನು ಮೆಚ್ಚಿ ನೋಡಬಹುದು. ಅವನ ಪಕ್ಕದಲ್ಲಿ ಕುಳಿತಂತೆ ಅನ್ನಿಸುವುದಿಲ್ಲ. ಅದಕ್ಕೂ ಮಿಗಿಲಾಗಿ, ಸಾಧಾರಣ ಅಳತೆಯ ಪರದೆಯಲ್ಲಿ ನೋಡಿದವರಿಗೆ ಆ ಜಾಗದ ಸೊಬಗೂ ದಕ್ಕಲಿಲ್ಲ. ಬಹುಪಾಲು ಜನ ನೋಡಿದ್ದು ನಿರ್ದೇಶಕ ಮನಸ್ಸಿನಲ್ಲಿ ಕಂಡಿದ್ದ ಚಿತ್ರವನ್ನೇ ಅಲ್ಲ ಎಂಬುದನ್ನು ‘ಜನರಿಗೆ ಅರ್ಥವಾಗಲಿಲ್ಲ’ ಎನ್ನುವವರು ಮರೆಯುತ್ತಾರೆ.

ಎರಡನೆಯದು, ನನ್ನ ದೃಷ್ಟಿಯಲ್ಲಿ ಇನ್ನೂ ಗಟ್ಟಿಯಾದ ಕಾರಣ, ಕಥೆಯ ಒಳಗೇ ಇದೆ. ‘ಪ್ಯಾಸಾ’ದ ಕವಿಯ ಕೈಯಲ್ಲಿ ಏನೂ ಇಲ್ಲ. ಅವನ ಕವಿತೆಗಳ ಕಟ್ಟನ್ನು ಅಣ್ಣಂದಿರೇ ರದ್ದಿಗೆ ಮಾರಿದ್ದಾರೆ. ಅವನಿಗೆ ಅನ್ಯಾಯ ಮಾಡುವವರ ಮುಖ ಸ್ಪಷ್ಟವಾಗಿ ಕಾಣುತ್ತದೆ: ಅಣ್ಣಂದಿರು, ಪ್ರಕಾಶಕ, ಸತ್ತವನ ಹೆಸರಿನಲ್ಲಿ ಸಭೆ ನಡೆಸುವ ಗಣ್ಯರು. ಆದ್ದರಿಂದ ಅವನು ಸಭಾಂಗಣದ ಬಾಗಿಲಲ್ಲಿ ಕೈಚಾಚಿ ನಿಂತು ಈ ಲೋಕ ನನಗೆ ದೊರೆತರೂ ಏನು ಪ್ರಯೋಜನ ಎಂದು ಹಾಡಿದಾಗ, ಬಾಡಿಗೆ ಮನೆಯಲ್ಲಿ ಬದುಕುವ, ಕೆಲಸ ಹುಡುಕುವ ಪ್ರತಿಯೊಬ್ಬನೂ ಅದನ್ನು ತನ್ನ ಹಾಡೆಂದು ಭಾವಿಸಬಲ್ಲ. ಸುರೇಶ್ ಸಿನ್ಹಾನಿಗೆ ಕಾರು ಇದೆ, ಖ್ಯಾತಿ ಇದೆ, ಸಹಿ ಕೇಳುವ ಜನ ಇದ್ದಾರೆ. ಅವನ ನಾಶಕ್ಕೆ ಒಬ್ಬ ಖಳನಿಲ್ಲ. ಗಾಳಿಮಾತು, ನ್ಯಾಯಾಲಯ, ಕರಾರು, ಕುಡಿತ, ಸ್ವಾಭಿಮಾನ ಎಲ್ಲವೂ ಸೇರಿ ಅವನನ್ನು ಕುಗ್ಗಿಸುತ್ತವೆ. ಶಾಂತಿ ಅವನಿಗಾಗಿ ಮತ್ತೆ ನಟಿಸಲು ಒಪ್ಪಿ ಅವನೇ ನಿರ್ದೇಶಿಸಬೇಕೆಂದು ಷರತ್ತು ಹಾಕಿದಾಗ, ಆ ಅವಕಾಶವನ್ನು ನಿರಾಕರಿಸುವವನು ಅವನೇ. ಇದು ಜೀವನಕ್ಕೆ ಹತ್ತಿರವಾದ ಚಿತ್ರಣ ಎಂಬುದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಎರಡೂವರೆ ಗಂಟೆ ಕುಳಿತ ಪ್ರೇಕ್ಷಕನಿಗೆ, ಎಲ್ಲ ಇದ್ದವನು ತಾನಾಗಿ ಎಲ್ಲವನ್ನೂ ಬಿಡುವುದನ್ನು ನೋಡಿ ಕಣ್ಣೀರು ಬರಬೇಕಾದರೆ, ಆ ಬಿಡುವಿಕೆಯ ಕಾರಣ ಇನ್ನಷ್ಟು ಒಳಗಿನಿಂದ ತಿಳಿಯಬೇಕಿತ್ತು. ಚಿತ್ರದ ದ್ವಿತೀಯಾರ್ಧದಲ್ಲಿ ಅದು ತಿಳಿಯುವುದಿಲ್ಲ.

ಜಾನಿ ವಾಕರ್ ಅವರ ಪಾತ್ರವೂ ಇದಕ್ಕೆ ನೆರವಾಗಲಿಲ್ಲ. ‘ಪ್ಯಾಸಾ’ದಲ್ಲಿ ಅವರು ಎಣ್ಣೆ ಹಚ್ಚಿ ತಲೆ ತಿಕ್ಕುವ ಮಾಲೀಶಿನವನು, ಅವನ ಬೀದಿಯೂ ಕವಿಯ ಬೀದಿಯೂ ಒಂದೇ. ಇಲ್ಲಿ ಅವರು ನಾಯಕನ ಶ್ರೀಮಂತ ಭಾವಮೈದುನ. ಅವರ ಹಾಸ್ಯ ಕಥೆಯ ಹೊರಗೆ ಬೇರೆಯೇ ಮನೆಯಲ್ಲಿ ನಡೆಯುತ್ತದೆ. ಅದು ಬಂದಾಗಲೆಲ್ಲ ಚಿತ್ರದ ಉಸಿರು ಕಡಿಯುತ್ತದೆ.

ಸ್ವತಃ ಗುರುದತ್ ಅವರ ತೀರ್ಪು ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಚಿತ್ರ ಅಲ್ಲಲ್ಲಿ ಚೆನ್ನಾಗಿತ್ತು, ಆದರೆ ತೀರ ನಿಧಾನವಾಗಿತ್ತು, ಪ್ರೇಕ್ಷಕರನ್ನು ತಲುಪಲಿಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದ್ದರು. ತನ್ನ ಅತ್ಯಂತ ಪ್ರೀತಿಯ ಕೃತಿಯ ಬಗ್ಗೆ ಇಷ್ಟು ಸಮಚಿತ್ತದಿಂದ ಮಾತನಾಡಬಲ್ಲ ಮನುಷ್ಯನನ್ನು ಜನರ ಅಜ್ಞಾನಕ್ಕೆ ಬಲಿಯಾದವನೆಂದು ಚಿತ್ರಿಸುವುದು ಅವರ ಬುದ್ಧಿಗೆ ಮಾಡುವ ಅವಮಾನ ಎಂದು ನನಗೆ ಅನ್ನಿಸುತ್ತದೆ.

ಸೋಲಿನ ನಂತರ

ಸೋಲಿನ ಹೊರೆ ಬಿದ್ದದ್ದು ಒಬ್ಬ ಕಲಾವಿದನ ಮೇಲೆ ಮಾತ್ರವಲ್ಲ, ಒಂದು ಸಂಸ್ಥೆಯ ಮೇಲೆ. ಗುರುದತ್ ಅವರೇ ನಿರ್ಮಾಪಕ, ಅವರೇ ನಿರ್ದೇಶಕ, ಅವರೇ ನಾಯಕ. ಒಂದು ಚಿತ್ರ ಬಿದ್ದರೆ ಸ್ಟುಡಿಯೋದ ಬಾಡಿಗೆ, ತಂತ್ರಜ್ಞರ ಸಂಬಳ, ವಿತರಕರ ನಂಬಿಕೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಮುಂದಿನ ಚಿತ್ರವನ್ನು ಕೊಳ್ಳಲು ಬರುವ ವಿತರಕ ಶೀರ್ಷಿಕೆಯಲ್ಲಿ ಯಾರ ಹೆಸರಿದೆ ಎಂದು ನೋಡಿಯೇ ಮುಂಗಡ ಕೊಡುತ್ತಾನೆ. ಹೆಸರನ್ನು ಹಿಂದಕ್ಕೆ ಪಡೆದದ್ದರಲ್ಲಿ ನೋವು ಇತ್ತು ನಿಜ, ಅದರೊಡನೆ ಒಬ್ಬ ಮಾಲೀಕನ ಲೆಕ್ಕಾಚಾರವೂ ಇತ್ತು ಎಂದು ನಾನು ತಿಳಿಯುತ್ತೇನೆ. ಎಸ್. ಡಿ. ಬರ್ಮನ್ ಅವರೊಡನೆ ಅವರು ಮತ್ತೆ ಕೆಲಸ ಮಾಡಲಿಲ್ಲ. ಉಳಿದ ಬಳಗ ಜೊತೆಗೇ ನಿಂತಿತು.

ಮರುವರ್ಷವೇ, ಅಂದರೆ 1960ರಲ್ಲಿ, ‘ಚೌದ್ವೀ ಕಾ ಚಾಂದ್’ ಬಂದಿತು. ಲಖನೌದ ಮುಸ್ಲಿಂ ಮನೆತನಗಳ ಹಿನ್ನೆಲೆಯ ಕಥೆ, ನಿರ್ದೇಶನ ಎಂ. ಸಾದಿಕ್ ಅವರದು, 1944ರ ‘ರತನ್’ ಚಿತ್ರದಿಂದ ಹೆಸರಾಗಿದ್ದವರು. ಸಂಗೀತ ರವಿ ಅವರದು. ಕಪ್ಪುಬಿಳುಪಿನ ಈ ಚಿತ್ರದ ಶೀರ್ಷಿಕೆ ಗೀತೆಯನ್ನು ಬಣ್ಣದಲ್ಲಿಯೂ ಚಿತ್ರಿಸಿದರು. ಚಿತ್ರ ಭರ್ಜರಿಯಾಗಿ ಓಡಿ ಸಂಸ್ಥೆಯನ್ನು ಮತ್ತೆ ನಿಲ್ಲಿಸಿತು. ಕುಸಿದು ಹೋದ ಮನುಷ್ಯನೊಬ್ಬ ಒಂದೇ ವರ್ಷದಲ್ಲಿ ಇಂಥ ಕೆಲಸ ಮಾಡಲಾರ. ಹಿಂದಿನ ಚಿತ್ರದಲ್ಲಿ ಏನು ತಪ್ಪಿತೆಂದು ಅವರು ಲೆಕ್ಕ ಹಾಕಿದ್ದು ಇಲ್ಲಿ ಕಾಣುತ್ತದೆ: ಸರಳವಾದ ತ್ರಿಕೋನ ಕಥೆ, ಎಲ್ಲರೂ ಗುನುಗುವ ಹಾಡು, ಎಲ್ಲ ಚಿತ್ರಮಂದಿರಗಳಿಗೂ ಹೊಂದುವ ಅಳತೆ.

1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಬೇರೆ ಎತ್ತರದ್ದು. ಬಿಮಲ್ ಮಿತ್ರರ ಬಂಗಾಳಿ ಕಾದಂಬರಿಯನ್ನು ಆಧರಿಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಕಲ್ಕತ್ತೆಯ ಜಮೀನ್ದಾರಿ ಮಹಲಿನ ಅವಸಾನವನ್ನು ಚಿತ್ರಿಸುವ ಕೃತಿ. ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲು ತಾನೂ ಕುಡಿಯಲು ಕಲಿತು ಕುಡಿತಕ್ಕೇ ಬಲಿಯಾಗುವ ಛೋಟಿ ಬಹೂ ಪಾತ್ರದಲ್ಲಿ ಮೀನಾ ಕುಮಾರಿ ಇದ್ದಾರೆ. ನಿರ್ದೇಶನ ಅಬ್ರಾರ್ ಅಲ್ವಿ ಅವರದೆಂದು ಶೀರ್ಷಿಕೆ ಹೇಳುತ್ತದೆ, ಮತ್ತು ಅವರಿಗೆ ಅತ್ಯುತ್ತಮ ನಿರ್ದೇಶಕ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂದಿತು. ಚಿತ್ರ ಬರ್ಲಿನ್ ಉತ್ಸವಕ್ಕೆ ಹೋಯಿತು. ಆಸ್ಕರ್ ಸ್ಪರ್ಧೆಗೆ ಭಾರತದ ಅಧಿಕೃತ ಆಯ್ಕೆಯೂ ಆಯಿತು.

ಈ ಚಿತ್ರವನ್ನು ನಿಜವಾಗಿ ನಿರ್ದೇಶಿಸಿದವರು ಯಾರು ಎಂಬ ವಾದ ಅಂದಿನಿಂದ ನಿಂತಿಲ್ಲ. ಅಲ್ವಿ ಅವರು ಕೊನೆಯವರೆಗೂ ನಿರ್ದೇಶನ ತಮ್ಮದೇ, ಹಾಡುಗಳ ಚಿತ್ರಣ ಮಾತ್ರ ಗುರುದತ್ ಅವರದು ಎಂದು ಹೇಳುತ್ತಾ ಬಂದರು. ಗುರುದತ್ ಮೇಲಿನ ಅಭಿಮಾನದಿಂದ ಅಲ್ವಿ ಅವರ ಕೆಲಸವನ್ನು ಕಸಿದುಕೊಳ್ಳುವುದು ಅನ್ಯಾಯ. ಛೋಟಿ ಬಹೂಳ ಮಾತುಗಳಲ್ಲಿರುವ ಬಿಗಿ, ಆ ಮಹಲಿಗೆ ಬಂದ ಯುವಕ ಭೂತನಾಥನ ಹಳ್ಳಿಯ ಮುಗ್ಧತೆ ಇವು ‘ಆರ್ ಪಾರ್’ ಕಾಲದಿಂದ ಸಂಭಾಷಣೆ ಬರೆಯುತ್ತಾ ಬಂದ ಲೇಖಕನ ಕೈಗುರುತುಗಳು. ಆದರೆ ಮುಜ್ರಾ ಹಾಡಿನಲ್ಲಿ ನರ್ತಕಿಯೊಬ್ಬಳ ಮೇಲೆ ಮಾತ್ರ ಬೆಳಕು ಬಿದ್ದು ಸುತ್ತಲಿನ ಸಹನರ್ತಕಿಯರೆಲ್ಲ ನೆರಳಿನಲ್ಲೇ ಉಳಿಯುವಾಗ, ಅಲ್ಮೋರಾದಲ್ಲಿ ನೃತ್ಯ ಕಲಿತ, ದೇಹದ ಚಲನೆಗೂ ಕ್ಯಾಮೆರಾದ ಚಲನೆಗೂ ಒಂದೇ ತಾಳ ಹಿಡಿಯಬಲ್ಲ ಆ ಮನುಷ್ಯ ಅಲ್ಲಿಯೇ ನಿಂತಿದ್ದಾರೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಹಾಡನ್ನು ಕಥೆಯಿಂದ ಬೇರ್ಪಡಿಸಿ ನೋಡದ ಗುರುದತ್, ಅನೇಕ ಕಡೆ ಪೀಠಿಕೆಯ ವಾದ್ಯಸಂಗೀತವನ್ನೇ ತೆಗೆದು, ಮಾತು ಮುಗಿದ ಉಸಿರಿನಲ್ಲೇ ಹಾಡು ಶುರುವಾಗುವಂತೆ ಮಾಡುತ್ತಿದ್ದವರು. ಅಂಥ ಚಿತ್ರಗಳಲ್ಲಿ ಹಾಡುಗಳನ್ನು ಮಾತ್ರ ನಿರ್ದೇಶಿಸುವುದು ಎಂದರೆ ಚಿತ್ರದ ನಾಡಿಯನ್ನು ಹಿಡಿದಂತೆಯೇ.

ಇನ್ನೊಂದು ಸಂಗತಿಯೂ ಇಲ್ಲಿ ಪ್ರಸ್ತುತ. ಕುದುರೆಗಾಡಿಯಲ್ಲಿ ಛೋಟಿ ಬಹೂ ಭೂತನಾಥನ ತೊಡೆಯ ಮೇಲೆ ತಲೆಯಿಡುವ ದೃಶ್ಯ ಮತ್ತು ಅದರ ಜೊತೆಗಿದ್ದ ಹೇಮಂತ್ ಕುಮಾರ್ ಅವರ ಹಾಡು ಪ್ರೇಕ್ಷಕರಿಗೆ ರುಚಿಸಲಿಲ್ಲವೆಂದು ತಿಳಿದಾಗ, ಬಿಡುಗಡೆಯಾದ ಮೇಲೆಯೂ ಅವನ್ನು ತೆಗೆಸಿದರೆಂದು ಆ ಬಳಗದವರು ಹೇಳಿದ್ದಾರೆ. ಆ ಹಾಡು ಇಂದಿನ ಪ್ರತಿಯಲ್ಲಿ ಇಲ್ಲ. ಮೂರು ವರ್ಷದ ಹಿಂದೆ ಪ್ರೇಕ್ಷಕರಿಂದ ಪೆಟ್ಟು ತಿಂದವನು ಈಗ ಅವರ ಎದುರು ಕುಳಿತು ಅವರ ಮುಖವನ್ನು ಓದುತ್ತಿದ್ದ. ಇದರಿಂದ ಚಿತ್ರಕ್ಕೆ ಒಳಿತಾಯಿತೋ ಕೆಡುಕಾಯಿತೋ ಎಂಬ ಬಗ್ಗೆ ನನಗೆ ಎರಡು ಮನಸ್ಸಿದೆ. ತನ್ನ ಹೆಸರು ಮೇಲೆ ಇದ್ದಿದ್ದರೆ ಅವರು ಆ ದೃಶ್ಯವನ್ನು ಉಳಿಸಿಕೊಳ್ಳುತ್ತಿದ್ದರೇನೋ.

ನಿಧನ ಮತ್ತು ಅದರ ಸುತ್ತ ಬೆಳೆದ ಕಥೆ

1964ರ ಅಕ್ಟೋಬರ್ 10ರ ಬೆಳಗ್ಗೆ ಬೊಂಬಾಯಿಯ ಪೆಡರ್ ರಸ್ತೆಯ ಬಾಡಿಗೆ ಮನೆಯಲ್ಲಿ ಗುರುದತ್ ಅವರು ತೀರಿಕೊಂಡಿರುವುದು ಕಂಡುಬಂದಿತು. ಅವರಿಗೆ ಮೂವತ್ತೊಂಬತ್ತು ವರ್ಷ. ಮದ್ಯ ಮತ್ತು ನಿದ್ರೆಮಾತ್ರೆ ಕಾರಣವಾಗಿದ್ದವು. ಅದು ಉದ್ದೇಶಪೂರ್ವಕವೋ ಆಕಸ್ಮಿಕವೋ ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಆಕಸ್ಮಿಕವೆಂದೇ ಕುಟುಂಬದ ಕೆಲವರು ನಂಬಿದ್ದರು. ಅದಕ್ಕೂ ಮೊದಲೇ ಅವರ ಮನಸ್ಸಿನ ಸ್ವಾಸ್ಥ್ಯ ಗಂಭೀರವಾಗಿ ಕೆಟ್ಟ ಸಂದರ್ಭಗಳಿದ್ದವು, ದಾಂಪತ್ಯ ಮುರಿದಿತ್ತು, ನಿದ್ರೆ ಅವರಿಗೆ ವರ್ಷಗಳಿಂದ ದೂರವಾಗಿತ್ತು. ಇವು ಕಾಯಿಲೆಯ, ಒಂಟಿತನದ ಸಂಗತಿಗಳು. ಇಂದಿನಂತೆ ವೈದ್ಯರ ಬಳಿ ಬಾಯಿಬಿಟ್ಟು ಹೇಳಿಕೊಳ್ಳುವ ವಾತಾವರಣ ಅಂದು ಇರಲಿಲ್ಲ.

ಸುರೇಶ್ ಸಿನ್ಹಾ ಕುರ್ಚಿಯಲ್ಲಿ ಸತ್ತ, ಗುರುದತ್ ಹಾಸಿಗೆಯಲ್ಲಿ ಸತ್ತರು, ಆದ್ದರಿಂದ ಇದು ಅದರ ಪ್ರತಿಬಿಂಬ ಎಂದು ಜೋಡಿಸುವುದು ಕೇಳಲು ಆಕರ್ಷಕವಾಗಿದೆ. ಅದು ಎರಡು ರೀತಿಯಲ್ಲಿ ತಪ್ಪು. ಮೊದಲನೆಯದಾಗಿ, ನಡುವಿನ ಐದು ವರ್ಷಗಳ ದುಡಿಮೆಯನ್ನು ಅದು ಅಳಿಸಿಹಾಕುತ್ತದೆ. ಎರಡನೆಯದಾಗಿ, ಒಬ್ಬ ಮನುಷ್ಯನ ಸಂಕಟವನ್ನು ಒಂದು ಚಿತ್ರದ ಜಾಹೀರಾತಾಗಿಸುತ್ತದೆ. ಗೀತಾ ದತ್, ಮೂರು ಮಕ್ಕಳು, ಮಗನ ಬಗ್ಗೆ ಪುಸ್ತಕ ಬರೆದ ತಾಯಿ, ಇವರೆಲ್ಲ ಅನುಭವಿಸಿದ ನಷ್ಟವನ್ನು ಸಿನಿಮಾದ ಉಪಸಂಹಾರವೆಂದು ಓದಬಾರದು.

ಕೆಲವು ದಶಕಗಳ ನಂತರ ‘ಕಾಗಜ್ ಕೇ ಫೂಲ್’ ಮತ್ತೆ ಎದ್ದು ನಿಂತಿತು. ದೇಶವಿದೇಶಗಳ ಚಿತ್ರೋತ್ಸವಗಳಲ್ಲಿ ಅದರ ಸಿನಿಮಾಸ್ಕೋಪ್ ರೂಪವೇ ಪ್ರದರ್ಶನಗೊಂಡಿತು. ನೋಡಿದವರಿಗೆ ಮೊದಲ ಬಾರಿಗೆ ಪೂರ್ತಿ ಚೌಕಟ್ಟು ಕಂಡಿತು. 2002ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ಸಮೀಕ್ಷೆಯಲ್ಲಿ ‘ಪ್ಯಾಸಾ’ದ ಜೊತೆಗೆ ಇದಕ್ಕೂ ಮತಗಳು ಬಂದವು. 2004ರಲ್ಲಿ ಭಾರತೀಯ ಅಂಚೆ ಇಲಾಖೆ ಗುರುದತ್ ಅವರ ಅಂಚೆಚೀಟಿ ಹೊರತಂದಿತು. ಬೆಂಗಳೂರಿಗೆ ಮರಳಿ ನೆಲೆಸಿದ್ದ ವಿ. ಕೆ. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ದೊರೆಯಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು. 2014ರಲ್ಲಿ ಅವರು ತೀರಿಕೊಂಡರು.

ಗುರುದತ್ ತೀರಿಕೊಂಡಾಗ ‘ಬಹಾರೇಂ ಫಿರ್ ಭೀ ಆಯೇಂಗೀ’ ಚಿತ್ರದ ಕೆಲಸ ಅರ್ಧದಲ್ಲಿತ್ತು. ನಾಯಕನಾಗಿ ಅವರು ನಟಿಸಿದ ಭಾಗವನ್ನು ಬಿಟ್ಟು, ಧರ್ಮೇಂದ್ರ ಅವರನ್ನು ಹಾಕಿಕೊಂಡು ಮತ್ತೆ ಚಿತ್ರಿಸಿದರು. 1966ರಲ್ಲಿ ಅದು ಗುರುದತ್ ಅವರ ಸಂಸ್ಥೆಯ ಲಾಂಛನದಡಿಯೇ ಬಿಡುಗಡೆಯಾಯಿತು. ನಿರ್ದೇಶನ ಶಾಹಿದ್ ಲತೀಫ್ ಎಂದು ಅದರ ಶೀರ್ಷಿಕೆ ಪಟ್ಟಿಯಲ್ಲಿದೆ.